ಹನುಮಕ್ಕನ ಎಳೆತ

ದೂರದಲ್ಲಿರುವವರ ಮನಸ್ಸು ತನಗೆ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮುಖಕ್ಕೇ ನಗುತ್ತಿದ್ದೆ. ಎದುರುಬದುರಾಗಿ, ಕೈಗೆ ಕೈ ಕೊಟ್ಟು ಕೆಲಸ ಮಾಡಿದರೆ ತಾನೇ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಗೊತ್ತಾಗುವುದು? ಇವತ್ತಿಗೂ ನನ್ನ ಮಾತು ಅದೇ. ಆದರೆ ಒಂದು ದಿನ ನಡೆದ ಸಂಗತಿ ಮಾತ್ರ ಈ ಮಾತಿಗೆ ಬಗ್ಗುವುದಿಲ್ಲ.

ಅಗಳಿ ಕಡೆಯ ನಮ್ಮೂರು ಬಿಟ್ಟು ರಾಯದುರ್ಗಕ್ಕೆ ಬಂದು, ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡಿಗೆ ಸೇರಿ ಆಗ ಮೂರು ವರ್ಷ. ಕಾಲಿನ ಉದ್ದದ ಹೊಲಿಗೆ ನನ್ನದು. ಆ ದಪ್ಪ ಬಟ್ಟೆ ಸುಕ್ಕಾಗದಂತೆ ಮೆಷಿನ್ನಿನ ಆಚೆಯಿಂದ ಎಳೆಯುವವಳು ಹನುಮಕ್ಕ. ರಾಯದುರ್ಗದವಳೇ, ನನಗಿಂತ ಚಿಕ್ಕವಳು, ತಮ್ಮನ ಮನೆಯಲ್ಲಿದ್ದಳು. ಅಷ್ಟು ಮೆಷಿನ್ನುಗಳ ಸದ್ದಿನಲ್ಲಿ ಮಾತೆಲ್ಲಿ ಬಂತು! ಬಟ್ಟೆಯಲ್ಲೇ ನಮ್ಮ ಮಾತು. ಎರಡು ಸಣ್ಣ ಎಳೆತ, ಆಮೇಲೆ ಒಂದು ಉದ್ದ ಎಂದರೆ ತಲೆ ಎತ್ತಿ ನನ್ನ ನೋಡು ಎಂದರ್ಥ. ತಮ್ಮನ ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದರೆ ದಿನದ ಮೊದಲ ಪ್ಯಾಂಟಿನಲ್ಲೇ ನನಗೆ ಗೊತ್ತಾಗುತ್ತಿತ್ತು.

ಒಂದು ಸೋಮವಾರ ಅವಳ ಎಳೆತ ಸಡಿಲವಾಯಿತು. ಹೊಲಿಗೆಯೆಲ್ಲ ಸೊಟ್ಟ. ಹಿಂದಿನ ವಾರವಷ್ಟೇ ಮಾಲೀಕರು ಎಲ್ಲರೆದುರು ನನ್ನ ಕೆಲಸ ಹೊಗಳಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿಬಿಟ್ಟೆ. ಮೊದಲೇ ನನ್ನದು ಮೂಗಿನ ತುದಿಯ ಕೋಪ. ಮೆಷಿನ್ ನಿಲ್ಲಿಸಿ, "ಎಳೆಯಾಕೆ ಮನಸಿಲ್ದಿದ್ರೆ ಮನೇಲಿರೇ. ನಿನ್ನಂಥೋರು ನೂರು ಜನ ಸಿಗ್ತಾರೆ ನನಗೆ" ಎಂದು ಎಲ್ಲರಿಗೂ ಕೇಳುವಂತೆ ಅಂದೆ. ಅವಳು ಸಂಜೆಯವರೆಗೂ ಎಳೆದು ಮನೆಗೆ ಹೋದಳು. ಮರುದಿನ ಕೆಲಸಕ್ಕೆ ಬರಲಿಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಅವಳ ಜಾಗಕ್ಕೆ ಹಾಕಿದ್ದ ಹೊಸ ಹೆಂಗಸು ಎಳೆಯುತ್ತಿದ್ದಾಳೆಂದುಕೊಂಡು ನಾನು ತಲೆ ಬಗ್ಗಿಸಿ ಹೊಲಿಯುತ್ತಿದ್ದೆ. ಬಟ್ಟೆ ಎಳೆಯಿತು. ಎರಡು ಸಣ್ಣ, ಒಂದು ಉದ್ದ. ತಲೆ ಎತ್ತಿದರೆ ಆಚೆ ಯಾರೂ ಇಲ್ಲ. ಆ ಹೆಂಗಸು ಬಾಗಿಲ ಬಳಿ ನೀರು ಕುಡಿಯುತ್ತಿದ್ದಳು. ಬಟ್ಟೆ ಮಾತ್ರ ಬಿಗಿಯಾಗಿತ್ತು.

ಮಾಲೀಕರು ಕೂಗುತ್ತಿದ್ದರೂ ನಿಲ್ಲದೆ ಊರಿನ ಆ ತುದಿಯಲ್ಲಿದ್ದ ಹನುಮಕ್ಕನ ಮನೆಗೆ ಹೋದೆ. ಅವಳು ಬಟ್ಟೆಯ ಗಂಟು ಕಟ್ಟಿಕೊಂಡು ಕೂತಿದ್ದಳು. ಬಲಗೈ ಮಣಿಕಟ್ಟು ಊದಿತ್ತು.

"ಕೈ ಏನಾಯ್ತೇ?"

"ಆಯ್ತವಾರ ನೀರಿನ ಕೊಡ ಹೊತ್ಕಂಡು ಬಿದ್ನಿರಿ. ಹೇಳಿದ್ರ ಬ್ಯಾರೇರ್ನ ಹಾಕ್ತಾರಂತ ಸುಮ್ನಿದ್ನಿ. ನಿಮಗರ ತಿಳಿತೈತಿ ಅನ್ಕಂಡಿದ್ನಿ, ಅಕ್ಕ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಂಟು ಯಾಕೆಂದು ಕೇಳಿದೆ.

"ಬೊಮ್ಮನಹಾಳಿಗ್ರಿ, ನಮ್ಮಕ್ಕನ ಮನಿಗಿ. ಇನ್ನ ಈ ಕಡಿ ಬರಂಗಿಲ್ಲ. ಹನ್ನೊಂದರ ಬಸ್ಸಿಗೇ ಹೋಗ್ತಿದ್ನಿ, ಈ ಸುಡುಗಾಡು ಗಂಟು ಬೀಳವಲ್ದು. ಎಡಗೈಲೆ ಎರಡು ಸಲ ಜಗ್ಗಿದ್ನಿ, ಬರ್ಲಿಲ್ಲ. ಆಮ್ಯಾಲ ಹಲ್ಲಾಗ ಕಚ್ಚಿ ಉದ್ದಕ ಎಳದ್ನಿ. ಆಗ ಬಿತ್ರಿ, ಅಷ್ಟರಾಗ ಬಸ್ಸು ಹೋಗಿತ್ತು."

ಅದೇ ಎರಡು ಸಣ್ಣ, ಒಂದು ಉದ್ದ. "ನನ್ನ ಕರೆದ್ಯೇನೇ?" ಎಂದೆ.

"ನಾ ಯಾಕ ಕರೀಲ್ರಿ? ನಿಮ್ಮ ಮ್ಯಾಲ ಸಿಟ್ಟಿತ್ತು ನನಗ."

ಆ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದೆ. ಗಂಟು ನಾನೇ ಬಿಚ್ಚಿದೆ. ಕೈ ನೆಟ್ಟಗಾಗಲು ತಿಂಗಳು ಹಿಡಿಯಿತು. ಆಮೇಲೆ ಅವಳು ಅದೇ ಮೆಷಿನ್ನಿನ ಆಚೆ ಬಂದು ನಿಂತಳು. ಅಂದಿನಿಂದ ಎಳೆತ ಸಡಿಲವಾದರೆ ಮೆಷಿನ್ ನಿಲ್ಲಿಸಿ ಕೇಳುತ್ತಿದ್ದೆ.

ಬಟ್ಟೆ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದರು ಶೆಡ್ಡಿನವರು. ಇರಬಹುದು. ಆದರೆ ಒಂದು ಮೊಳ ದೂರದಲ್ಲಿ ದಿನವಿಡೀ ನೋವು ತಿಂದು ಎಳೆದ ಆ ಕೈ ಅವತ್ತು ನನಗೆ ತಿಳಿಯಲಿಲ್ಲ. ಊರಿನ ಆ ತುದಿಯಲ್ಲಿ, ನನ್ನ ಮೇಲಿನ ಸಿಟ್ಟಿನಲ್ಲಿ ಎಳೆದದ್ದು ಹೇಗೆ ತಿಳಿಯಿತು? ನನಗಂತೂ ಇವತ್ತಿಗೂ ಗೊತ್ತಿಲ್ಲ.