ತಾನಾಗಿ ಹರಿದಿದ್ದಾ, ಬೇಕಂತ ಹರಿದಿದ್ದಾ?

ಬೆಳಗಿನ ಮೊದಲ ಬಸ್ಸಿನವರು ಗೇಟು ದಾಟಿ ಬರುವಷ್ಟರಲ್ಲಿ ಓಂವತಿ ಮೆಟ್ಟಿಲ ಬುಡದಲ್ಲಿ ಗೋಣಿತಟ್ಟು ಹಾಸಿ ಕೂತಾಗಿದೆ. ಯಮುನೆಯ ಕಡೆಯಿಂದ ಬೀಸುವ ಗಾಳಿ ಈಗ ಮಾತ್ರ ತಂಪು. ಇನ್ನು ಸ್ವಲ್ಪ ಹೊತ್ತಿಗೆ ಇದೇ ಗಾಳಿ ಮುಖ ಸುಡುತ್ತದೆ. ಬಂದವರೆಲ್ಲ ತಲೆಯೆತ್ತಿ ಅಮೃತಶಿಲೆಯ ಗೋರಿಯನ್ನು ನೋಡುತ್ತಾರೆ, ಓಂವತಿ ಬಂದವರ ಕಾಲು ನೋಡುತ್ತಾರೆ. ಬಿಟ್ಟ ಚಪ್ಪಲಿಗಳಲ್ಲಿ ಒಂದು ಮನೆಯವರದನ್ನು ಒಂದು ಕಡೆ ಸೇರಿಸಿ, ಮಕ್ಕಳದನ್ನು ತಾಯಂದಿರದರ ಪಕ್ಕಕ್ಕಿಟ್ಟು, ಮಗುಚಿ ಬಿದ್ದದ್ದನ್ನು ತಕ್ಷಣ ನೇರ ಮಾಡುತ್ತಾರೆ. ಮಗುಚಿದ ಚಪ್ಪಲಿ ಮನೆಗೆ ಜಗಳ ತರುತ್ತದೆ. ಊರು ನೋಡಲು ಹೊರಟ ಗಂಡ ಹೆಂಡಿರಿಗೆ ಅದೊಂದು ಕಡಿಮೆಯಾಗಿತ್ತೇ ಎಂದು ನಗುತ್ತಾರೆ.

ತಾಜಮಹಲು ನೋಡಿದವರಲ್ಲಿ ಹೊಳೆ ದಾಟಿ ಈ ದಂಡೆಗೆ ಬರುವವರು ಕಡಿಮೆ, ಬಂದವರಿಗೂ ಅವಸರ. ಇದು ಮಗಳೊಬ್ಬಳು ಅಪ್ಪ ಅಮ್ಮನಿಗೆ ಕಟ್ಟಿಸಿದ ಗೋರಿ ಎಂಬುದಕ್ಕೇ ಓಂವತಿಗೆ ಇದರ ಮೇಲೆ ಅಕ್ಕರೆ. ಅವರ ಅಪ್ಪ ಇದೇ ಊರಿನ ಜಗದೀಶಪುರದಲ್ಲಿ ಬೂಟು ಹೊಲಿಯುತ್ತಿದ್ದವರು, ಮಗಳ ಕೈಗೂ ದಬ್ಬಳ ಕೊಟ್ಟು ಕೂರಿಸಿದವರು. ಗಂಡ ತೀರಿಕೊಂಡರು, ಮನೆಗೆ ಬರುತ್ತಿದ್ದ ಹೊಲಿಗೆಯ ಕೆಲಸ ಯಂತ್ರದ ಪಾಲಾಯಿತು, ಓಂವತಿ ಇಲ್ಲಿ ಚಪ್ಪಲಿ ಕಾಯಲು ಬಂದರು. ಆದರೆ ಕೈ ಸುಮ್ಮನಿರಬೇಕಲ್ಲ. ಜನ ಒಳಗೆ ಹೋಗಿ ಬರುವುದರೊಳಗೆ ಬಾಯಿಬಿಟ್ಟ ಅಟ್ಟೆಗೆ, ಕಿತ್ತುಬರಲಿದ್ದ ಉಂಗುಷ್ಠಕ್ಕೆ ನಾಲ್ಕು ಹೊಲಿಗೆ ಹಾಕಿಬಿಡುತ್ತಿದ್ದರು. ಕೇಳುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ. ಎಷ್ಟೋ ಜನ ಗೊತ್ತೇ ಆಗದೆ ಅದನ್ನು ಮೆಟ್ಟಿಕೊಂಡು ಊರು ಸೇರಿದ್ದಾರೆ. ದೊಡ್ಡ ಮನಸ್ಸು ಎಂದರೆ ಇದೇ ಇರಬೇಕು.

ಆ ಗುಣವೇ ಕಳೆದ ಚಳಿಗಾಲದಲ್ಲಿ ಮುಳುವಾಯಿತು. ದೆಹಲಿಯ ಹುಡುಗಿಯೊಬ್ಬಳು ಬಿಟ್ಟುಹೋದ ಬೂಟಿನ ಮಗ್ಗುಲು ಹರಿದು ಎಳೆ ಜೋತುಬಿದ್ದಿತ್ತು. ಅಯ್ಯೋ ಪಾಪ ಎಂದು ಓಂವತಿ ಎಳೆಗಳನ್ನು ಕತ್ತರಿಸಿ, ಹರಕು ಕಾಣದಂತೆ ಹೊಲಿದು, ಒರೆಸಿಯೂ ಇಟ್ಟರು. ಹೊರಗೆ ಬಂದ ಹುಡುಗಿ ಅತ್ತೇಬಿಟ್ಟಳು. ಹರಕೇ ಅದರ ಅಂದವಂತೆ, ಅವಳು ದುಡ್ಡು ತೆತ್ತದ್ದೇ ಹರಕಿಗಂತೆ. ಬೂಟಿಗೇ ಹೆಸರಾದ ಈ ಊರಿನಲ್ಲಿ ಹುಟ್ಟಿ ಬೆಳೆದವರಿಗಲ್ಲದೆ ಇಂಥ ತಪ್ಪು ಇನ್ನಾರಿಗೆ ಮಾಡಲು ಬಂದೀತು?

ಚಪ್ಪಲಿ ಕಾಯುವ ಗುತ್ತಿಗೆ ಹಿಡಿದಿರುವ ಬನಿ ಸಿಂಗ್ ಓಡಿಬಂದು ಹುಡುಗಿಯ ಕೈಕಾಲು ಹಿಡಿದ. ಆಮೇಲೆ ಓಂವತಿಗೆ ಕಟ್ಟುನಿಟ್ಟು ಮಾಡಿದ: ಇನ್ನೊಮ್ಮೆ ದಬ್ಬಳ ಮುಟ್ಟಿದರೆ ಮಾರನೆಯ ದಿನದಿಂದ ಬರುವುದೇ ಬೇಡ. ಈ ಜಾಗ ಹೋದರೆ ಒಲೆ ಉರಿಯುವುದಕ್ಕೆ ಅವರಿಗೆ ಬೇರೆ ದಾರಿಯಿಲ್ಲ. ದಬ್ಬಳ ಚೀಲದ ತಳ ಸೇರಿತು.

“ಕೈ ಕಟ್ಕೊಂಡು ಕೂತೆ,” ಎಂದು ಆ ತಿಂಗಳುಗಳನ್ನು ನೆನೆಯುತ್ತಾರೆ. “ಬಾಯಿಬಿಟ್ಟ ಅಟ್ಟೆ ನೋಡ್ತಾ ಸುಮ್ನಿರೋದಂದ್ರೆ, ಪಕ್ಕದ ಮನೆ ಮಗು ಅಳೋದು ಕೇಳಿಸ್ಕೊಂಡೂ ಎದ್ದು ಹೋಗ್ದೆ ಇದ್ದಂಗೆ.”

ಈ ಜ್ಯೇಷ್ಠದ ಒಂದು ಮಧ್ಯಾಹ್ನ ಅದು ಮುಗಿಯಿತು. ಏಟಾ ಊರಿನ ಕಡೆಯ ಹೊಸ ಮದುಮಗಳೊಬ್ಬಳು ಮೆಟ್ಟಿಲಿಳಿದು ಬಂದು ಚಪ್ಪಲಿಗೆ ಕಾಲಿಟ್ಟಳು, ಉಂಗುಷ್ಠ ಕಿತ್ತು ಬಂತು. ತವರಿನವರ ಯೋಗ್ಯತೆಯೇ ಇಷ್ಟು ಎಂದು ಅತ್ತೆ ಎಲ್ಲರೆದುರು ಹಂಗಿಸತೊಡಗಿದಳು. ಗೇಟಿನವರೆಗೂ ಕಾದ ಕಲ್ಲು, ಹುಡುಗಿ ಬರಿಗಾಲಲ್ಲಿ ನಿಂತಿದ್ದಳು. ಬನಿ ಸಿಂಗ್ ಅಲ್ಲೇ ಇದ್ದ. ಓಂವತಿ ಅವನನ್ನೊಮ್ಮೆ ನೋಡಿ ಚೀಲಕ್ಕೆ ಕೈ ಹಾಕಿದರು.

“ಬರಬೇಡ ಅಂದ್ರೆ ನಾಳೆಯಿಂದ ಬರಲ್ಲ ಕಣಪ್ಪಾ ಲಲ್ಲಾ. ಇದೊಂದು ಹೊಲ್ದು ಹೋಗ್ತೀನಿ.”

ಹೊಲಿಯುತ್ತಲೇ ಅತ್ತೆಯನ್ನು ಅಕ್ಕನೆಂದು ಕರೆದು ಅವಳಿಗೂ ಒಂದು ಮಾತು ಹೇಳಿದರು: “ಚಪ್ಪಲಿ ಗಟ್ಟಿಯಾಗೇ ಇದೆ ಜಿಜ್ಜಿ. ನಮ್ಮೂರ ಕಲ್ಲು ಕಾದು ಅಂಟು ಬಿಡ್ಸಿದೆ, ತವರಿನೋರು ಏನ್ ಮಾಡ್ತಾರೆ?”

ಅದು ಹಸಿ ಸುಳ್ಳು; ಚಪ್ಪಲಿ ಅಗ್ಗದ್ದೇ. ಆದರೆ ಅತ್ತೆಯ ಬಾಯಿ ಮುಚ್ಚಿತು, ಮದುಮಗಳು ಸೆರಗಿನ ಸಂದಿಯಿಂದ ನಕ್ಕಳು. ಬನಿ ಸಿಂಗ್, ಹೊಲಿಯುವುದಿದ್ದರೆ ಕೇಳಿ ಹೊಲಿ ಚಾಚಿ, ಕೇಳದೆ ಮುಟ್ಟಬೇಡ ಎಂದಷ್ಟೇ ಹೇಳಿ ಹೊರಟುಹೋದ.

ಹಾಗಾಗಿ ಈಗ ಕೇಳುತ್ತಾರೆ. ಯಾರ ಚಪ್ಪಲಿಯಲ್ಲಿ ಹರಕು ಕಂಡರೂ ತಡೆದು ನಿಲ್ಲಿಸಿ, “ಇದು ತಾನಾಗಿ ಹರಿದಿದ್ದಾ, ಬೇಕಂತ ಹರಿದಿದ್ದಾ?” ಎನ್ನುತ್ತಾರೆ. ಜನ ಮೊದಲು ಕಣ್ಣುಕಣ್ಣು ಬಿಡುತ್ತಾರೆ, ಆಮೇಲೆ ನಗುತ್ತಾರೆ. ಹೆಚ್ಚಿನವರದು ತಾನಾಗಿ ಹರಿದದ್ದೇ.

ಟಿಕೆಟ್ ನೋಡುವ ಮಕ್ಸೂದನಿಗೆ ಅವರನ್ನು ಕೆಣಕದಿದ್ದರೆ ಹೊತ್ತು ಹೋಗದು. ಇವತ್ತೂ ಅವರು ಒಂದೇ ಹರಕಿಗೆ ಎರಡು ಸುತ್ತು ಹೊಲಿಗೆ ಹಾಕುವುದನ್ನು ಕಂಡು ಕೇಳುತ್ತಾನೆ: “ಅಷ್ಟು ಯಾಕೆ ಚಾಚಿ? ಇಲ್ಲಿಗೆ ಬರೋರು ಜನ್ಮಕ್ಕೊಂದ್ಸಲ ಬರೋದು. ಬಿಚ್ಚಿದ್ರೂ ಯಾರು ತಿರುಗಿ ಬಂದು ಕೇಳ್ತಾರೆ?”

ಓಂವತಿ ದಾರ ಎಳೆದು ಬಿಗಿಮಾಡುತ್ತಾರೆ.

“ತಿರುಗಿ ಬರೋರಾಗಿದ್ರೆ ಒಂದೇ ಸುತ್ತು ಸಾಕಿತ್ತು,” ಎನ್ನುತ್ತಾರೆ. “ಬಿಚ್ಚಿದ್ರೆ ಇನ್ನೊಂದ್ಸಲ ಹೊಲ್ದುಕೊಡ್ತಿದ್ದೆ. ಇವ್ರು ಬರಲ್ವಲ್ಲ.”