ಉಸಿರನ್ನು ತೂಗಿದ ಹುಸೇನ್ ಸಾಬರು

ಭದ್ರಾವತಿಯ ಹುಸೇನ್ ಸಾಬರಿಗೆ ಅರವತ್ತೊಂದು ವರ್ಷ. ಅದರಲ್ಲಿ ನಲವತ್ತೈದು ವರ್ಷ ತಕ್ಕಡಿ ರಿಪೇರಿಯಲ್ಲೇ ಕಳೆದಿವೆ. ಅಡಿಕೆ ಮಂಡಿ, ರೇಷನ್ ಅಂಗಡಿ, ಲಾರಿ ತೂಗುವ ವೇಬ್ರಿಡ್ಜ್, ಎಲ್ಲಿ ತೂಕ ಕೆಟ್ಟರೂ ಕರೆ ಬರುವುದು ಇವರಿಗೇ. ಮನುಷ್ಯ ಬಲು ಮುಂಗೋಪಿ. ಯಾರಾದರೂ "ಸುಮಾರು ಇಷ್ಟಿರ್ಬೋದು" ಅಂದರೆ ಸಾಕು, ಹರಿಹಾಯುತ್ತಿದ್ದರು. "ಸುಮಾರು ಅನ್ನೋಕೆ ತಕ್ಕಡಿ ಯಾಕೆ ಮಾರಾಯ, ಕೈಯೇ ಸಾಕಲ್ಲ!" ಸಾರಿಗೆ ಉಪ್ಪು ಹಾಕುವಾಗ ಹೆಂಡತಿ ಹಾಜರಾ ಇವರನ್ನು ಅಡುಗೆಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ ಅಂದರೆ ನೀವೇ ಲೆಕ್ಕ ಹಾಕಿ.

ಇಂಥವರನ್ನು ಶಿವಮೊಗ್ಗದ ಒಂದು ಆಸ್ಪತ್ರೆಯ ಡಾಕ್ಟರ್ ವಾಣಿ ಕರೆಸಿದರು. ಕುಂಸಿ ಕಡೆಯ ಜಗದಾಂಬಾ ಎಂಬಾಕೆ ಒಂಬತ್ತು ವರ್ಷದಿಂದ ಅನ್ನ ನೀರು ಮುಟ್ಟಿಲ್ಲ ಎಂದು ಸುತ್ತಲಿನ ಜನ ಕಾಲಿಗೆ ಬೀಳುತ್ತಿದ್ದರು. ಸಕ್ಕರೆ ಕಾಯಿಲೆಯ ಇಬ್ಬರು ಆಕೆಯನ್ನು ನೋಡಿ ಊಟ, ಮಾತ್ರೆ ಎರಡನ್ನೂ ಬಿಟ್ಟು ಇದೇ ಆಸ್ಪತ್ರೆಗೆ ಬಂದು ಬಿದ್ದಿದ್ದರು. ಅದಕ್ಕೇ ಪರೀಕ್ಷೆ. "ನೋಡ್ಲಿ ಬಿಡಿ, ನಮಗೇನ್ ಭಯ?" ಎಂದು ಆಕೆಯ ಅಣ್ಣ ಪರಶುರಾಮ ಎದೆಯುಬ್ಬಿಸಿ ಒಪ್ಪಿದ. ಒಂದು ಕೋಣೆ, ಕ್ಯಾಮೆರಾ, ಪಾಳಿಯ ಮೇಲೆ ನರ್ಸ್‌ಗಳು. ಮಂಚದ ನಾಲ್ಕೂ ಕಾಲಿನ ಕೆಳಗೆ ತೂಕದ ಯಂತ್ರ ಕೂರಿಸಬೇಕು, ಮಲಗಿದವರ ತೂಕ ಹತ್ತು ಗ್ರಾಮಿನಷ್ಟು ಏರಿಳಿದರೂ ಕಾಣಬೇಕು. ಅದು ಸಾಬರ ಕೆಲಸ.

ನಿಜ ಹೇಳಬೇಕೆಂದರೆ ಸಾಬರು ಆಕೆಯ ಪಕ್ಷವೇ. ಜೀವಮಾನವಿಡೀ ಕಳ್ಳತೂಕ ಹಿಡಿದು ಬೇಸತ್ತಿದ್ದ ಅವರಿಗೆ ಒಂದು ಪವಾಡವನ್ನಾದರೂ ಕಣ್ಣಾರೆ ನೋಡುವ ಆಸೆ.

ಮೊದಲ ದಿನ ನಲವತ್ತಾರು ಕಿಲೋ ಇನ್ನೂರು ಗ್ರಾಂ ಇತ್ತು. ಆಕೆ ಅಲುಗಾಡದೆ ಮಲಗಿದ್ದಳು. ಒಂದು ಗಂಟೆ ಕಳೆಯುವಷ್ಟರಲ್ಲಿ ಮೂವತ್ತು ಗ್ರಾಂ ಇಳಿಯಿತು. ಯಂತ್ರ ಕೆಟ್ಟಿದೆ ಎಂದುಕೊಂಡು ಸಾಬರು ಸೀಲ್ ಹಾಕಿದ ತೂಕದ ಬಟ್ಟು ಇಟ್ಟು ನೋಡಿದರು, ಸರಿಯಾಗಿತ್ತು. ಮುಂದಿನ ಗಂಟೆ ಮತ್ತೆ ಮೂವತ್ತು.

"ಮೇಡಂ, ಮಿಷಿನ್ ಸರಿಯಿದೆ. ಅಮ್ಮನೇ ಕರಗ್ತಿದ್ದಾರೆ!"

ಡಾಕ್ಟರ್ ನಕ್ಕರು. "ಅದು ಉಸಿರು ಸಾಬ್ರೆ. ಉಸಿರಲ್ಲಿ, ಚರ್ಮದಲ್ಲಿ ನೀರು ಹೋಗ್ತಾನೇ ಇರುತ್ತೆ. ನಿಮ್ದೂ ಅಷ್ಟೇ, ನಂದೂ ಅಷ್ಟೇ."

ಅಬ್ಬಾ! ಸಾಬರು ಮೂಗಿನ ಮುಂದೆ ಅಂಗೈ ಹಿಡಿದುಕೊಂಡರು. ಬೆಚ್ಚಗೆ, ತುಸು ಒದ್ದೆ. ಕಬ್ಬಿಣ ತೂಗಿದ್ದರು, ಅಡಿಕೆ ತೂಗಿದ್ದರು, ಚಿನ್ನ ತೂಗಿದ್ದರು. ಉಸಿರಿಗೂ ತೂಕವಿದೆ, ಅದು ತಾವೇ ಕೂರಿಸಿದ ಯಂತ್ರದಲ್ಲಿ ಕಾಣುತ್ತದೆ ಎಂದು ಅವರಿಗೆ ಕನಸಲ್ಲೂ ಹೊಳೆದಿರಲಿಲ್ಲ. ಮೈ ಜುಮ್ಮೆಂದಿತು. ಆ ದಿನವೆಲ್ಲ ಅವರು ಅಂಕಿಯನ್ನು ಕಣ್ಣು ಮಿಟುಕಿಸದೆ ನೋಡಿದರು.

ಮೂರನೆಯ ದಿನಕ್ಕೆ ನಲವತ್ತಮೂರು ಕಿಲೋ ನೂರು ಗ್ರಾಂ. ಜಗದಾಂಬಾಳ ತುಟಿ ಒಡೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ಡಾಕ್ಟರ್ ವಾಣಿ ಪರೀಕ್ಷೆ ನಿಲ್ಲಿಸಿ, ಮಂಚದ ಪಕ್ಕ ನೀರಿಟ್ಟು, ಕುಡಿಯಿರಿ ಎಂದು ಕೈಮುಗಿದರು. ಆಕೆ ಗೋಡೆಯತ್ತ ತಿರುಗಿದಳು. ಡ್ರಿಪ್ ಹಾಕಹೋದರೆ ಕೈ ಎಳೆದುಕೊಂಡಳು. "ಅವಳು ಕೇಳಿಲ್ಲ, ಕೊಡೋಕೆ ನೀವ್ಯಾರು?" ಎಂದು ಪರಶುರಾಮ ಗುಡುಗಿದ. ಹೊರಗೆ ಭಕ್ತರು ಜೈಕಾರ ಹಾಕಿದರು.

"ನಾಳೆಯೊಳಗೆ ಕುಡೀದಿದ್ರೆ ಕಿಡ್ನಿ ಕೈ ಕೊಡುತ್ತೆ ಸಾಬ್ರೆ. ಜೀವ ಹೋಗುತ್ತೆ," ಎಂದರು ಡಾಕ್ಟರ್, ಸಣ್ಣ ದನಿಯಲ್ಲಿ. ಸಾಬರು ಮಂಚದತ್ತ ನೋಡಿದರು. ಇಷ್ಟು ಬಾಯಾರಿಕೆಯಲ್ಲೂ ಪಕ್ಕದ ಲೋಟದತ್ತ ಕಣ್ಣು ಹಾಯಿಸದ ಈ ಹೆಂಗಸಿನ ಛಲ ಎಂಥದ್ದು! ಆ ಛಲ ತಮ್ಮ ಯಂತ್ರದ ಮೇಲೆಯೇ ಆಕೆಯನ್ನು ಕೊಲ್ಲಲಿದೆಯಲ್ಲ ಎಂದು ಭಯವಾಯಿತು.

ನಾಲ್ಕನೆಯ ಬೆಳಗ್ಗೆ ಭದ್ರಾವತಿ ಬಸ್ಸಿಳಿದು, ಅದೇ ಚಿಂತೆಯಲ್ಲಿ ಕೋಣೆಯ ಬಾಗಿಲು ತಳ್ಳಿದವರ ಬಾಯಿಂದ ರೂಢಿಯ ಮಾತು ಜಾರಿಬಿಟ್ಟಿತು.

"ತಿಂಡಿ ಆಯ್ತಾ ಅಮ್ಮಾ?"

ನರ್ಸ್ ಅನುಷಾ ಬಾಯಿಗೆ ಕೈ ಅಡ್ಡ ಇಟ್ಟಳು. ಪರಶುರಾಮ ಧಡಕ್ಕನೆ ಎದ್ದು ನಿಂತ. ಸಾಬರು ನಾಲಿಗೆ ಕಚ್ಚಿಕೊಂಡರು. ನಮ್ಮ ಕಡೆ ಎದುರು ಸಿಕ್ಕ ಯಾರನ್ನಾದರೂ ಮೊದಲು ಕೇಳುವುದೇ ಇದು. ಆದರೆ ಕೇಳುವುದಕ್ಕೂ ಜಾಗ ಬೇಡವೇ?

ಜಗದಾಂಬಾ ಮೆಲ್ಲಗೆ ಇತ್ತ ಹೊರಳಿದಳು. "ಒಂಬತ್ ವರ್ಷ ಆಯ್ತು ಸಾಬ್ರೆ, ನನ್ನನ್ನ ಯಾರೂ ಹೀಗ್ ಕೇಳಿ." ಒಡೆದ ತುಟಿ ಸವರಿಕೊಂಡು ಹೇಳಿದಳು, "ಆಗಿಲ್ಲ. ನಿಮ್ದಾಯ್ತಾ?"

"ಇಲ್ಲಮ್ಮ. ರಂಜಾನ್ ಅಲ್ವಾ, ಉಪವಾಸ. ಇನ್ನು ಸಂಜೆಗೇ."

"ನಿಮಗೆ ಸಂಜೆಗಾದ್ರೂ ಬಿಡೋಕೆ ಹೇಳ್ತಾರೆ. ನನಗೆ ಯಾರೂ ಹೇಳ್ಲಿಲ್ಲ." ಆಕೆ ಮೊಣಕೈ ಊರಿ ಅರ್ಧ ಎದ್ದಳು. "ಜ್ವರ ಬಂದು ಹತ್ತು ದಿನ ಗಂಜಿನೂ ಇಳೀಲಿಲ್ಲ. ಊಟ ಬಿಟ್ಟ ದೇವಿ ಅಂತ ಜನ ಕಾಯಿ ಹಿಡ್ಕೊಂಡು ಬಂದ್ರು. ಹನ್ನೊಂದ್ನೇ ದಿನ ಹಸಿವಾಯ್ತು, ಮನೆ ತುಂಬಾ ಜನ. ಹೇಗ್ ಹೇಳ್ಲಿ? ಆವತ್ತಿಂದ ಕದ್ದು ತಿಂದೇ ಬದುಕಿದ್ದೀನಿ."

"ಜಗದಾ!" ಪರಶುರಾಮ ಕೂಗಿದ.

ಆಕೆ ಹೆದರಲಿಲ್ಲ. ಅವನನ್ನೇ ನೋಡಿದಳು.

"ಅಣ್ಣಾ, ಬಾಯಾರಿದೆ. ನೀರ್ ಕೊಡೋ."

ಪರಶುರಾಮ ಒಮ್ಮೆ ಬಾಗಿಲಾಚೆಯ ಜನರನ್ನು ನೋಡಿದ, ಒಮ್ಮೆ ತಂಗಿಯ ತುಟಿ ನೋಡಿದ. ಆಮೇಲೆ ಬಂದು ಲೋಟ ಎತ್ತಿದ. ಅವಸರದಲ್ಲಿ ಅರ್ಧ ನೀರು ಆಕೆಯ ಸೀರೆಯ ಮೇಲೆ ಚೆಲ್ಲಿತು. ಉಳಿದರ್ಧವನ್ನು ಜಗದಾಂಬಾ ಎಲ್ಲರೆದುರು ಗಟಗಟ ಕುಡಿದು, ಇನ್ನೊಂದು ಲೋಟ ಕೇಳಿದಳು.