ಹರದನಹಳ್ಳಿಯಲ್ಲಿ ಹಾಕಿಕೊಂಡ ಎಲೆಯಡಿಕೆ

ಹರದನಹಳ್ಳಿಯ ಪಟೇಲರ ಜಗಲಿಯಲ್ಲಿ ಕೂತಿದ್ದದ್ದು ಸಂಕ್ರಾಂತಿಗೆ ಮುಂಚೆಯೋ ಆಮೇಲೋ, ಈಗ ಹೇಳಲಾರೆ. ಐವತ್ತರ ದಶಕದ ನಡುವಿನ ಮಾತು. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲ್ಲೂಕಿನ ಕುಡಿಯುವ ನೀರಿನ ಬಾವಿಗಳ ಕೆಲಸ ನನ್ನ ಮೇಲಿತ್ತು. ಬಂಡೆ ಸಿಡಿಸುವ ತಂಡ ಇದ್ದದ್ದು ಒಂದೇ. ಅದು ಬೇಸಿಗೆ ಕಳೆಯುವವರೆಗೆ ಗುಂಡ್ಲುಪೇಟೆ ಕಡೆಯಿಂದ ಹರದನಹಳ್ಳಿಯತ್ತ ಕದಲುವಂತಿರಲಿಲ್ಲ. ಇದು ನನಗೆ ಅವತ್ತೇ ಗೊತ್ತಿತ್ತು. ಈ ಒಂದು ವಿಷಯದಲ್ಲಿ ನನ್ನ ನೆನಪನ್ನು ಅನುಮಾನಿಸಲು ದಾರಿಯಿಲ್ಲ.

ಬೇಸಿಗೆಗೆ ಮೊದಲು ಬಾವಿ ಆಗಬೇಕು ಎನ್ನುತ್ತ ಪಟೇಲರು ಎಲೆಯಡಿಕೆ ತಟ್ಟೆ ಮುಂದಿಟ್ಟರು. ಕೆಲಸದ ಮಾತಿನ ನಡುವೆ ಬಂದ ಎಲೆ ತೆಗೆದುಕೊಂಡವನು ಒಪ್ಪಿಕೊಂಡ ಹಾಗೆ, ಅಲ್ಲಿಯ ಪದ್ಧತಿ. ಮೈಸೂರಿನಲ್ಲಿ ಓದುವಾಗ ಇಂಥವನ್ನೆಲ್ಲ ಗೇಲಿ ಮಾಡಿದವನು ನಾನು. ಬಾಯಿಬಿಟ್ಟು ಹೂಂ ಅನ್ನಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು, ಸುಣ್ಣ ಸವರಿ ಬಾಯಿಗಿಟ್ಟೆ.

ಆ ಊರಿನವರು ವರ್ಷವರ್ಷವೂ ಬೇಸಿಗೆಗೆ ಮುಂಚೆ ಹಳೇ ಬಾವಿಯ ಹೂಳು ತೆಗೆಯುತ್ತಿದ್ದರು. ಆ ವರ್ಷ ತೆಗೆಯಲಿಲ್ಲ. ಹೊಸದು ಬರುತ್ತದಲ್ಲ.

ಬೇಸಿಗೆ ಬಲಿತ ಮೇಲೆ ಹೋದಾಗ ಹಳೇ ಬಾವಿ ಬತ್ತಿತ್ತು; ಹೆಂಗಸರು ದೂರದ ಕೆರೆಯ ರಾಡಿ ನೀರು ಹೊರುತ್ತಿದ್ದರು. ಪಟೇಲರ ಹೆಂಡತಿಯೂ ಅವರಲ್ಲಿದ್ದರು. ಕೊಡ ಇಳಿಸಲಿಲ್ಲ.

"ಅವತ್ತೇ ಇಲ್ಲ ಅಂದ್ಬುಟ್ಟಿದ್ರೆ ಊಳಾದ್ರೂ ಎತ್ಕತಿದ್ದೊ ಕಣಪ್ಪ," ಅಂದರು.

ಬೈದಂತೆ ನೆನಪಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ನಾನೇ ಅಂದುಕೊಂಡಿರಬೇಕು.

ತಂಡವನ್ನು ಕೊನೆಗೆ ಹರದನಹಳ್ಳಿಗೆ ಕಳಿಸುವ ಹೊತ್ತಿಗೆ ಗುಂಡ್ಲುಪೇಟೆ ಕಡೆಯ ಭೀಮನಬೀಡಿನವರು ಅಡ್ಡ ಬಂದರು. ನಮ್ಮೂರಲ್ಲೂ ಒಂದು ತೋಡಿಯೇ ಹೋಗಲಿ ಎಂದರು. ಅಲ್ಲೂ ತಟ್ಟೆ ಬಂತು. ನಾನು ಕೈ ಚಾಚಲಿಲ್ಲ.

"ಯಾಕ್ ಸ್ವಾಮಿ, ನಮ್ಮೂರೆಲೆ ಖಾರ್ವಾ?" ಅಂದರು ಅಲ್ಲಿಯ ಯಜಮಾನರು. ಸುತ್ತ ಕೂತವರು ನಕ್ಕರು.

"ಈ ವರ್ಷ ಆಗೋದಿಲ್ಲ," ಅಂದೆ.

"ಸರಿ ಬುಡಿ. ಅಂಗಾರೆ ನಾಳಿಂದ ನಾವೇ ಊಳು ತಗೀತೀವಿ."

ಅಷ್ಟೇ. ಮಾತು ಎತ್ತುಗಳ ಕಡೆ ತಿರುಗಿತು. ಇಷ್ಟು ಸುಲಭವಿತ್ತೇ ಎನಿಸಿ, ಅಲ್ಲಿ ಕೂತಿರುವುದೇ ಕಷ್ಟವಾಯಿತು.

ಹರದನಹಳ್ಳಿಯ ಬಾವಿಯಲ್ಲಿ ನೀರು ಕಂಡಾಗ ಮಳೆ ಹಿಡಿದಿತ್ತು. ಹಳೇ ಬಾವಿಯೂ ತುಂಬಿತ್ತು. ಪಟೇಲರು ಅದೇ ಜಗಲಿಯಲ್ಲಿ ಕೂರಿಸಿ, ಒಗ್ಗರಣೆ ಹಾಕಿದ ಮಜ್ಜಿಗೆ ಕೊಟ್ಟು ಉಪಚರಿಸಿದರು. ನಾನು ಬೇಕೆಂದೇ ಸ್ವಲ್ಪ ಹೊತ್ತು ಕೂತೆ. ಎಲೆಯಡಿಕೆ ತಟ್ಟೆ ಒಳಗಿನ ಗೂಡಿನಲ್ಲಿ ಕಾಣುತ್ತಿತ್ತು. ಯಾರೂ ತರಲಿಲ್ಲ.